ಹೊಟ್ಟೆ ಮೌನವಾದಾಗ

ಹಸಿವೆಂಬುದು ಒಂದೇ ಪದವಾದರೂ ಅದು ಬಂದೊದಗಿದ ಬಗೆಯನ್ನು ಹೇಳುವಾಗ ಕನ್ನಡಿಗನ ನಾಲಗೆಯು ದೇಹದ ಒಂದೊಂದು ಅಂಗವನ್ನೂ ಸಾಕ್ಷಿಗೆ ಕರೆಯುತ್ತದೆ. ಹೊಟ್ಟೆ ಚುರುಗುಟ್ಟಿತೆನ್ನುತ್ತೇವೆ, ತಾಳ ಹಾಕಿತೆನ್ನುತ್ತೇವೆ. ಒಗ್ಗರಣೆಯ ಪರಿಮಳಕ್ಕೆ ಬಾಯಲ್ಲಿ ನೀರೂರಿತೆನ್ನುತ್ತೇವೆ. ಹೊತ್ತು ಮೀರಿದರೆ ಕಣ್ಣು ಕತ್ತಲೆಗಟ್ಟಿತು, ಕೈಕಾಲು ಸೋತವು, ತಲೆ ಸುತ್ತಿತು ಎನ್ನುತ್ತೇವೆ. ಈ ನುಡಿಗಟ್ಟುಗಳನ್ನು ಕೇವಲ ಮಾತಿನ ಅಲಂಕಾರವೆಂದು ನಾನು ಬಹುಕಾಲ ಎಣಿಸಿದ್ದೆನು. ಶರೀರಕ್ರಿಯಾಶಾಸ್ತ್ರದ ಗ್ರಂಥಗಳನ್ನು ಓದತೊಡಗಿದ ಮೇಲೆ ಅವು ನಿಷ್ಕೃಷ್ಟವಾದ ವರದಿಗಳೆಂಬುದನ್ನು ಮನಗಂಡೆನು. ಹೊಟ್ಟೆಯ ಹಸಿವು ಬೇರೆ, ಬಾಯಿಯ ಹಸಿವು ಬೇರೆ, ಕೈಕಾಲುಗಳ ಹಸಿವು ಬೇರೆ. ಇವು ಸಾಮಾನ್ಯವಾಗಿ ಒಂದರ ಬೆನ್ನಿಗೆ ಒಂದು ಬರುವುದರಿಂದ ಇವನ್ನು ಒಂದೇ ಸಂಗತಿಯೆಂದು ನಾವು ಬಗೆದಿದ್ದೇವೆ, ಅಷ್ಟೆ. ಇವುಗಳಲ್ಲಿ ಮೊದಲೆರಡರ ದನಿಯನ್ನು ಅಡಗಿಸಿ ಮೂರನೆಯದನ್ನು ಇದ್ದಂತೆಯೇ ಬಿಡುವ ಔಷಧಿಗಳು ನಮ್ಮ ಕಾಲದಲ್ಲಿ ಬಂದಿರುವುದರಿಂದ, ಈ ಭೇದವನ್ನು ಅರಿಯುವುದು ಈಗ ಪಂಡಿತರ ಕುತೂಹಲಕ್ಕೆ ಮಾತ್ರ ಸೇರಿದ ವಿಷಯವಾಗಿ ಉಳಿದಿಲ್ಲ.

ಮೈಸೂರಿನಲ್ಲಿ ನನಗೆ ಆತ್ಮೀಯರಾದ ನಿವೃತ್ತ ಅಧ್ಯಾಪಿಕೆಯೊಬ್ಬರಿದ್ದಾರೆ. ಅವರಿಗೆ ಸಕ್ಕರೆಯ ಕಾಯಿಲೆಯಿಲ್ಲ. ಆದರೆ ಬೊಜ್ಜಿನ ಭಾರಕ್ಕೆ ಎರಡು ಮಂಡಿಗಳೂ ಸೋತು, ಮಹಡಿಯ ಮೆಟ್ಟಿಲನ್ನು ಹತ್ತುವುದೇ ಒಂದು ಯಾತ್ರೆಯಾಗಿದ್ದುದರಿಂದ, ವೈದ್ಯರ ಸಲಹೆಯಂತೆ ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಸೆಮಗ್ಲುಟೈಡ್ ಎಂಬ ಔಷಧಿಯನ್ನು ತೆಗೆದುಕೊಳ್ಳತೊಡಗಿದ್ದರು. ಮೂರನೆಯ ತಿಂಗಳಿನಲ್ಲಿ ಒಂದು ಭಾನುವಾರದ ಇಳಿಹೊತ್ತಿನಲ್ಲಿ ನಾನು ಅವರ ಮನೆಗೆ ಹೋದಾಗ, ಎಂದೂ ಗಟ್ಟಿಯಾಗಿ ಮಾತನಾಡದ ಆ ಹೆಂಗಸು ಮೊಮ್ಮಗಳು ಪುಸ್ತಕವನ್ನು ನೆಲದ ಮೇಲೆ ಬಿಟ್ಟಿದ್ದಕ್ಕಾಗಿ ಅವಳನ್ನು ಗದರಿಸಿ, ಮರುಕ್ಷಣವೇ ತಮ್ಮ ಮಾತಿಗೆ ತಾವೇ ನೊಂದು ಕಣ್ಣೀರು ತಂದುಕೊಂಡಿದ್ದರು. ನೀರು ಕುಡಿಯಲೆಂದು ಎತ್ತಿದ ಲೋಟ ಕೈಯಲ್ಲಿ ನಡುಗುತ್ತಿತ್ತು. ಸೊಸೆ ಬಂದು, "ಅತ್ತೆ, ಬೆಳಗ್ಗೆಯಿಂದ ಏನು ತಿಂದಿದ್ದೀರಿ?" ಎಂದು ಕೇಳಿದಳು. ಎಂಟು ಗಂಟೆಗೆ ಅರ್ಧ ಇಡ್ಲಿ, ಒಂದು ಲೋಟ ಕಾಫಿ. ಆಮೇಲೆ ಏನೂ ಇಲ್ಲ. "ಹಸಿವೇ ಆಗಲಿಲ್ಲವಲ್ಲಮ್ಮ" ಎಂದರು ಅವರು. ಅದು ನಿಜವಾಗಿತ್ತು, ಹೊಟ್ಟೆ ಒಂದು ಮಾತನ್ನೂ ಆಡಿರಲಿಲ್ಲ. ಎಂಟು ಗಂಟೆಗಳಿಂದ ದೇಹವು ಬೇರೆ ಬೇರೆ ಬಾಗಿಲುಗಳನ್ನು ತಟ್ಟುತ್ತಲೇ ಇದ್ದಿತು. ಆದರೆ ಅರುವತ್ತು ವರ್ಷ ಒಂದೇ ಬಾಗಿಲಿನ ಸದ್ದಿಗೆ ಕಿವಿಗೊಟ್ಟವರಿಗೆ ಅದು ಕೇಳಿಸಿರಲಿಲ್ಲ.

ಹಸಿವು ಹೊಟ್ಟೆಯಲ್ಲಿಯೇ ಇರುವುದೆಂಬ ನಂಬಿಕೆಗೆ ವಿಜ್ಞಾನದ ಬೆಂಬಲವೂ ಒಮ್ಮೆ ದೊರೆತಿತ್ತು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಕ್ಯಾನನ್ ಎಂಬ ಪ್ರಸಿದ್ಧ ಶರೀರವಿಜ್ಞಾನಿಯ ಬಳಿ ವಾಷ್‌ಬರ್ನ್ ಎಂಬ ವಿದ್ಯಾರ್ಥಿಯಿದ್ದನು. ಈತನು ರಬ್ಬರಿನ ನಳಿಕೆಯೊಂದನ್ನು ನುಂಗಿ ಹೊಟ್ಟೆಯಲ್ಲಿಟ್ಟುಕೊಂಡಿರುವುದನ್ನು ಅಭ್ಯಾಸ ಮಾಡಿ, ಅದು ಕಿರುಕುಳವೆನಿಸದಂತೆ ಪಳಗಿದ ಬಳಿಕ, ಅದರ ತುದಿಗೆ ಕಟ್ಟಿದ ಪುಟ್ಟ ಬಲೂನನ್ನು ಜಠರದೊಳಗೆ ಗಾಳಿಯಿಂದ ಉಬ್ಬಿಸಿಕೊಂಡು, ಜಠರವು ಕುಗ್ಗಿದಾಗಲೆಲ್ಲ ಹೊರಗಿನ ಯಂತ್ರದ ಮುಳ್ಳು ಅದನ್ನು ಗೆರೆಯಾಗಿ ಬರೆಯುವಂತೆ ಏರ್ಪಡಿಸಿಕೊಂಡನು. ಆ ಗೆರೆಯನ್ನು ಕಾಣದಂತೆ ಕುಳಿತು, ಹಸಿವಿನ ಸಂಕಟ ತೋರಿದಾಗಲೆಲ್ಲ ಒಂದು ಗುಂಡಿಯನ್ನು ಒತ್ತುವುದಷ್ಟೇ ಅವನ ಕೆಲಸ. 1912ರಲ್ಲಿ ಪ್ರಕಟವಾದ ಆ ಪ್ರಯೋಗದ ಫಲಿತಾಂಶ ಸ್ಪಷ್ಟವಾಗಿತ್ತು: ಖಾಲಿ ಜಠರವು ಬಲವಾಗಿ ಸಂಕುಚಿಸಿದ ಹೊತ್ತೂ, ವಾಷ್‌ಬರ್ನನು ಹಸಿವೆಂದು ಗುಂಡಿಯೊತ್ತಿದ ಹೊತ್ತೂ ಒಂದಕ್ಕೊಂದು ಕೂಡಿಬಂದಿದ್ದವು. ನಮ್ಮ ಹೊಟ್ಟೆಯ ತಾಳವು ಹೀಗೆ ಕಾಗದದ ಮೇಲೆ ಮೂಡಿತು. ಸಂಕೋಚವು ಅಲೆಯಂತೆ ಬಂದು ಅಲೆಯಂತೆ ಇಳಿಯುವುದೆಂಬುದೂ ಅದರಿಂದ ಸಿದ್ಧವಾಯಿತು. ಏಕಾದಶಿಯ ಉಪವಾಸವನ್ನು ಕ್ರಮವಾಗಿ ಮಾಡುವವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ, ಮಧ್ಯಾಹ್ನ ಹನ್ನೆರಡರ ಹಸಿವನ್ನು ತಡೆದರೆ ಎರಡು ಗಂಟೆಗೆ ಅದು ತಾನಾಗಿ ತಣಿಯುವುದನ್ನು ಅವರು ಬಲ್ಲರು.

ಆದರೆ ಸಂಗತಿ ಅಲ್ಲಿಗೇ ಮುಗಿಯಲಿಲ್ಲ. ರೋಗದ ಕಾರಣದಿಂದ ಜಠರವನ್ನೇ ಸಂಪೂರ್ಣವಾಗಿ ಛೇದಿಸಿ ತೆಗೆದ ರೋಗಿಯೂ ಹಸಿವನ್ನು ಅನುಭವಿಸುವನೆಂಬ ವರದಿ 1931ರಲ್ಲಿ ಬಂದಿತು. ತಾಳ ಹಾಕಲು ಹೊಟ್ಟೆಯೇ ಇಲ್ಲದವನಿಗೆ ಹಸಿವು ಎಲ್ಲಿಂದ ಬರುವುದು? ಉತ್ತರವನ್ನು ಹುಡುಕಿದವರು ಮಿದುಳಿನ ತಳದಲ್ಲಿರುವ ಹೈಪೊಥಲಾಮಸ್ ಎಂಬ ಭಾಗದತ್ತ ತಿರುಗಿದರು. ಈ ಅನ್ವೇಷಣೆಯಲ್ಲಿ ಬಾಲಕೃಷ್ಣ ಆನಂದ್ ಎಂಬ ಭಾರತೀಯನ ಹೆಸರು ಚಿರಸ್ಥಾಯಿಯಾಗಿದೆ. ಮುಂದೆ ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಶರೀರಕ್ರಿಯಾಶಾಸ್ತ್ರ ವಿಭಾಗವನ್ನು ಕಟ್ಟಿ ಬೆಳೆಸಿದ ಇವರು, ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಜಾನ್ ಬ್ರೊಬೆಕ್ ಅವರೊಡನೆ ದುಡಿಯುತ್ತ, ಇಲಿಗಳ ಹೈಪೊಥಲಾಮಸ್ಸಿನ ಎರಡೂ ಪಾರ್ಶ್ವಗಳಲ್ಲಿ ಅತಿ ಸಣ್ಣ ಭಾಗವೊಂದನ್ನು ನಾಶಪಡಿಸಿದರೆ ಅವು ಉಣ್ಣುವುದನ್ನೇ ಬಿಟ್ಟುಬಿಡುವುವೆಂಬುದನ್ನು 1951ರಲ್ಲಿ ತೋರಿಸಿಕೊಟ್ಟರು. ಕಾಳು ಎದುರಿಗೇ ಇದೆ. ಇಲಿಯು ಅದರ ಪಕ್ಕದಲ್ಲಿಯೇ ಉಪವಾಸದಿಂದ ಸಾಯುತ್ತದೆ. ಆ ಚಿಕ್ಕ ತಾಣವನ್ನು ಇಡಿಯ ಹಸಿವಿನ ಕೇಂದ್ರವೆಂದು ಈಗ ಯಾರೂ ಸರಳವಾಗಿ ಕರೆಯುವುದಿಲ್ಲವಾದರೂ, ಆ ಇಲಿಯ ಚಿತ್ರ ನನ್ನನ್ನು ಬಿಟ್ಟಿಲ್ಲ: ದೇಹಕ್ಕೆ ಅನ್ನ ಬೇಕಾಗಿರುವುದು ಒಂದು ಸಂಗತಿ, ಅನ್ನ ಬೇಕೆಂದು ಅನಿಸುವುದು ಇನ್ನೊಂದು ಸಂಗತಿ, ಎರಡರ ನಡುವಣ ತಂತು ಕಡಿದುಹೋಗುವುದು ಸಾಧ್ಯ.

ಆ ತಂತುವಿನ ಎಳೆಗಳು ಒಂದೊಂದಾಗಿ ಬಿಡಿಸಿಕೊಂಡದ್ದು ಈಚಿನ ನಾಲ್ಕು ದಶಕಗಳಲ್ಲಿ. ಕೊಬ್ಬಿನ ಜೀವಕೋಶಗಳು ತಮ್ಮ ಸಂಗ್ರಹದ ಲೆಕ್ಕವನ್ನು ಮಿದುಳಿಗೆ ಕಳುಹಿಸುವ ಲೆಪ್ಟಿನ್ ಎಂಬ ಹಾರ್ಮೋನು 1994ರಲ್ಲಿ ಜೆಫ್ರಿ ಫ್ರೀಡ್‌ಮನ್ನರ ಪ್ರಯೋಗಾಲಯದಲ್ಲಿ ಪತ್ತೆಯಾಯಿತು. ಖಾಲಿ ಜಠರವು ಸ್ರವಿಸುವ ಗ್ರೆಲಿನ್ ಎಂಬುದು 1999ರಲ್ಲಿ ಜಪಾನಿನಲ್ಲಿ ಬೆಳಕಿಗೆ ಬಂದಿತು. ಈ ಗ್ರೆಲಿನ್ನಿನ ನಡತೆ ಸ್ವಾರಸ್ಯವಾಗಿದೆ. ಅದು ಊಟಕ್ಕೆ ಮುಂಚೆ ಏರಿ ಊಟವಾದ ಮೇಲೆ ಇಳಿಯುವುದಲ್ಲದೆ, ದಿನವೂ ಉಣ್ಣುವ ವೇಳೆಯನ್ನು ಕಲಿತುಕೊಂಡು ಆ ವೇಳೆಗೆ ಸರಿಯಾಗಿ ಏರುತ್ತದೆ. ಶಾಲೆಯ ಗಂಟೆ ಹೊಡೆದೊಡನೆ ನನ್ನ ಅಧ್ಯಾಪಿಕೆಗೆ ಮೂವತ್ತು ವರ್ಷ ಹಸಿವಾಗುತ್ತಿದ್ದುದು ಬರಿಯ ಮನಸ್ಸಿನ ಭ್ರಮೆಯಾಗಿರಲಿಲ್ಲ.

ಇನ್ನು ನಮ್ಮ ಔಷಧಿಯ ಮೂಲಕ್ಕೆ ಬರೋಣ. ಉಂಡ ಆಹಾರವು ಸಣ್ಣ ಕರುಳಿನ ಕೆಳಭಾಗವನ್ನು ಮುಟ್ಟಿದಾಗ ಅಲ್ಲಿಯ ಕೆಲವು ಜೀವಕೋಶಗಳು ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಸ್ರವಿಸುತ್ತವೆ. 1980ರ ದಶಕದಲ್ಲಿ ಬಾಸ್ಟನ್ನಿನಲ್ಲಿ ಜೋಯೆಲ್ ಹ್ಯಾಬೆನರ್ ಮತ್ತು ಸ್ವೆಟ್ಲಾನಾ ಮೊಯ್ಸೊವ್, ಕೋಪನ್‌ಹೇಗನ್ನಿನಲ್ಲಿ ಯೆನ್ಸ್ ಹೋಲ್ಸ್ಟ್ ಮೊದಲಾದವರು ಇದು ಇನ್ಸುಲಿನ್ನಿನ ಸ್ರಾವವನ್ನು ಹೆಚ್ಚಿಸುವುದೆಂದು ಕಂಡುಕೊಂಡರು. 1996ರಲ್ಲಿ ಲಂಡನ್ನಿನ ಸಂಶೋಧಕರು ಇದನ್ನು ಇಲಿಗಳ ಮಿದುಳಿಗೆ ಕೊಟ್ಟಾಗ ಅವುಗಳ ಆಹಾರಸೇವನೆ ಕುಗ್ಗಿತು. 'ಸಾಕು' ಎಂದು ಕರುಳು ಮಿದುಳಿಗೆ ಹೇಳಿಕಳುಹಿಸುವ ಮಾತುಗಳಲ್ಲಿ ಇದೊಂದು. ಆದರೆ ನಿಸರ್ಗವು ಈ ದೂತನಿಗೆ ಕೊಟ್ಟಿರುವ ಆಯುಷ್ಯ ಅತ್ಯಲ್ಪ. ರಕ್ತದಲ್ಲಿರುವ ಕಿಣ್ವವೊಂದು ಇದನ್ನು ಒಂದೆರಡು ನಿಮಿಷಗಳಲ್ಲಿಯೇ ಅರ್ಧಕ್ಕಿಳಿಸುತ್ತದೆ. ಸೆಮಗ್ಲುಟೈಡ್ ಎಂಬುದು ಇದೇ ಅಣುವಿನ ಮಾರ್ಪಡಿಸಿದ ರೂಪ: ಕಿಣ್ವವು ಕಡಿಯುವ ಜಾಗವನ್ನು ಬದಲಿಸಿ, ರಕ್ತದ ಆಲ್ಬ್ಯುಮಿನ್ನಿಗೆ ಅಂಟಿಕೊಂಡು ತೇಲುವಂತೆ ಕೊಬ್ಬಿನ ಆಮ್ಲದ ಬಾಲವೊಂದನ್ನು ಜೋಡಿಸಿದುದರಿಂದ, ಅದರ ಅರ್ಧಾಯುಷ್ಯ ಸುಮಾರು ಏಳು ದಿನಗಳಾಯಿತು. ಒಂದು ಊಟದ ಕೊನೆಯಲ್ಲಿ ಕೆಲವು ನಿಮಿಷ ಕೇಳಿಸಿ ಅಡಗಬೇಕಾದ 'ಸಾಕು' ಎಂಬ ಮಾತು ಹಗಲೂ ಇರುಳೂ ವಾರಪೂರ್ತಿ ಕೇಳಿಸುತ್ತಲೇ ಇರುವ ಸ್ಥಿತಿಯಿದು. ಅಮೆರಿಕದಲ್ಲಿ ಇದು ಮಧುಮೇಹಕ್ಕೆಂದು 2017ರಲ್ಲಿ, ಸ್ಥೌಲ್ಯಕ್ಕೆಂದು 2021ರಲ್ಲಿ ಅನುಮತಿ ಪಡೆಯಿತು. ಇದರ ದಾಯಾದಿಯಾದ ಟಿರ್ಜೆಪಟೈಡ್ 2025ರ ಮಾರ್ಚಿನಲ್ಲಿಯೂ, ತೂಕವಿಳಿಸುವ ಸೆಮಗ್ಲುಟೈಡ್ ಅದೇ ವರ್ಷದ ಜೂನಿನಲ್ಲಿಯೂ ಭಾರತದ ಮಾರುಕಟ್ಟೆಗೆ ಬಂದವು.

ಇದರ ಫಲ ಸಾಮಾನ್ಯವಾದುದಲ್ಲ. 1961 ಜನರ ಮೇಲೆ 68 ವಾರ ನಡೆದ ಪರೀಕ್ಷೆಯೊಂದರಲ್ಲಿ ಔಷಧಿ ಪಡೆದವರ ತೂಕ ಸರಾಸರಿ ಶೇಕಡಾ 14.9ರಷ್ಟು ಇಳಿದಿತ್ತು, ಬರಿಯ ಹುಸಿಮದ್ದು ಪಡೆದವರದು ಶೇಕಡಾ 2.4ರಷ್ಟು. ಮೂವತ್ತು ಜನರನ್ನು ಹತ್ತಿರದಿಂದ ಗಮನಿಸಿದ ಇನ್ನೊಂದು ಅಧ್ಯಯನದಲ್ಲಿ, ಇಷ್ಟಬಂದಷ್ಟು ಉಣ್ಣಲು ಬಿಟ್ಟಾಗಲೂ ಅವರು ತಿಂದ ಆಹಾರದ ಶಕ್ತಿಯ ಪ್ರಮಾಣ ಶೇಕಡಾ 24ರಷ್ಟು ಕಡಿಮೆಯಾಗಿದ್ದಿತು, ಜಿಡ್ಡಿನ ತಿನಿಸಿನ ಮೇಲಣ ಬಯಕೆಯೂ ತಗ್ಗಿದ್ದಿತು. ರಕ್ತ ಮತ್ತು ಮಿದುಳುಗಳ ನಡುವಣ ತಡೆಗೋಡೆ ತೆಳುವಾಗಿರುವ ಕೆಲವು ಕಡೆಗಳಲ್ಲಿ, ಮುಖ್ಯವಾಗಿ ಮಿದುಳುಕಾಂಡದಲ್ಲಿ ಮತ್ತು ಹೈಪೊಥಲಾಮಸ್ಸಿನಲ್ಲಿ, ಈ ಔಷಧಿ ಒಳಹೊಕ್ಕು ಕೆಲಸ ಮಾಡುತ್ತದೆ. ಜಠರವು ಬರಿದಾಗುವ ವೇಗವನ್ನೂ, ಮೊದಮೊದಲಿಗಾದರೂ, ತಗ್ಗಿಸುತ್ತದೆ. ಆದುದರಿಂದ ಹೊಟ್ಟೆಯ ತಾಳ ನಿಲ್ಲುತ್ತದೆ, ಬಾಯಿಯ ನೀರು ಆರುತ್ತದೆ. ಇದನ್ನು ತೆಗೆದುಕೊಂಡವರು ಎಲ್ಲಕ್ಕಿಂತ ಕೃತಜ್ಞತೆಯಿಂದ ಹೇಳುವುದು ಮತ್ತೊಂದು ಮಾತು: ಒಂದು ಊಟ ಮುಗಿಯುವ ಮುನ್ನವೇ ಮುಂದಿನ ಊಟವನ್ನು ನೆನೆಯುವ, ಅಲಮಾರಿನಲ್ಲಿರುವ ಚಕ್ಕುಲಿಯ ಡಬ್ಬಿಯನ್ನು ಮರೆಯಲಾರದ ಆ ಗುಂಗು ಅಳಿಯಿತು ಎಂದು. ಇಂಗ್ಲಿಷಿನಲ್ಲಿ ಇದಕ್ಕೆ ಆಹಾರದ ಗದ್ದಲವೆಂಬ ಅರ್ಥದ ಹೆಸರು ಬಿದ್ದಿದೆ. ನಮ್ಮ ಗುಂಗೆಂಬ ಪದವೇ ಹೆಚ್ಚು ಸಮರ್ಪಕವೆಂದು ನನ್ನೆಣಿಕೆ. ದಪ್ಪಗಿರುವವರನ್ನು ಬಾಯಿಚಪಲದವರೆಂದು ಜರೆದು ನಕ್ಕವರು, ಈ ಗುಂಗು ಒಂದು ಚುಚ್ಚುಮದ್ದಿಗೆ ಅಡಗುವ ದೇಹಧರ್ಮವಾಗಿದ್ದಿತೆಂಬುದನ್ನು ಕಂಡು ತಮ್ಮ ಮಾತನ್ನು ಹಿಂತೆಗೆದುಕೊಳ್ಳಬೇಕು.

ಹಾಗಾದರೆ ಉಳಿದ ದನಿಗಳು ಯಾವುವು? ಇದಕ್ಕೆ ಉತ್ತರವು ನನಗೆ ದೊರೆತದ್ದು ಔಷಧಿಯ ಯುಗಕ್ಕೆ ಬಹು ಹಿಂದಿನ, ಅತ್ಯಂತ ಕರುಣಾಜನಕವಾದ ಒಂದು ಪ್ರಯೋಗದಲ್ಲಿ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಯುರೋಪಿನ ಕ್ಷಾಮಪೀಡಿತರಿಗೆ ಹೇಗೆ ಮರಳಿ ಉಣಿಸಬೇಕೆಂಬುದನ್ನು ತಿಳಿಯುವ ಉದ್ದೇಶದಿಂದ ಆನ್ಸೆಲ್ ಕೀಸ್ ಎಂಬ ವಿಜ್ಞಾನಿಯು 1944-45ರಲ್ಲಿ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ 36 ಮಂದಿ ತರುಣರನ್ನು 24 ವಾರ ಅರೆಹೊಟ್ಟೆಯಲ್ಲಿರಿಸಿದನು. ಯುದ್ಧದಲ್ಲಿ ಆಯುಧ ಹಿಡಿಯಲು ಮನಸ್ಸಾಕ್ಷಿ ಒಪ್ಪದವರಾದ ಅವರು ತಾವಾಗಿಯೇ ಮುಂದೆ ಬಂದಿದ್ದರು. ಅವರ ತೂಕದ ಸುಮಾರು ಕಾಲುಭಾಗ ಇಳಿಯಿತು. ಹಸಿವು ಅವರ ಎಚ್ಚರವನ್ನೂ ಕನಸನ್ನೂ ಆಕ್ರಮಿಸಿತು. ಅವರು ತಟ್ಟೆಯನ್ನು ನೆಕ್ಕಿದರು, ಅಡುಗೆಯ ಪುಸ್ತಕಗಳನ್ನು ಸಂಗ್ರಹಿಸಿ ಕಾದಂಬರಿಯಂತೆ ಓದಿದರು. ಇದರ ಜತೆಗೆ ಇನ್ನೊಂದು ಸಾಲು ಲಕ್ಷಣಗಳೂ ಅವರಲ್ಲಿ ತಲೆದೋರಿದವು: ಬೇಸಗೆಯಲ್ಲಿಯೂ ಚಳಿ, ಎದ್ದು ನಿಂತೊಡನೆ ತಲೆ ಸುತ್ತುವುದು, ಸ್ನಾಯುಗಳ ದೌರ್ಬಲ್ಯ, ಕೂದಲುದುರುವಿಕೆ, ಅಲ್ಪಕಾರಣಕ್ಕೆ ಸಿಡುಕು, ಗೆಳೆತನದಲ್ಲಿಯೂ ಓದಿನಲ್ಲಿಯೂ ನಿರಾಸಕ್ತಿ. ಮೊದಲಿನವು ಹಸಿವಿನ ಕೂಗು. ಎರಡನೆಯವು ಕೊರತೆಯ ಗುರುತು. ಸೆಮಗ್ಲುಟೈಡ್ ಮೊದಲಿನವನ್ನು ಅಳಿಸುತ್ತದೆ. ಎರಡನೆಯವನ್ನು ಅಳಿಸುವ ಶಕ್ತಿ ಅದಕ್ಕಿಲ್ಲ. ಏಕೆಂದರೆ ಅವು ಮಿದುಳಿನಲ್ಲಿ ಸಂದೇಶವನ್ನು ಹಿಡಿಯುವ ಯಾವುದೋ ಗ್ರಾಹಕದ ಮಾತಲ್ಲ, ಇಂಧನ ಸಾಲದ ದೇಹದ ನಿಜಸ್ಥಿತಿ. ಕನ್ನಡದ ನುಡಿಗಟ್ಟಿನಲ್ಲಿ ಹೇಳುವುದಾದರೆ, ಹೊಟ್ಟೆಯೂ ಬಾಯಿಯೂ ಸುಮ್ಮನಾಗಿವೆ. ಕಣ್ಣಿನ ಕತ್ತಲೆಯೂ ಕೈಕಾಲಿನ ಸೋಲೂ ಇನ್ನೂ ಮಾತನಾಡುತ್ತಿವೆ. ಚರಕಸಂಹಿತೆಯು ತಡೆಯಬಾರದ ಹದಿಮೂರು ವೇಗಗಳಲ್ಲಿ ಹಸಿವನ್ನೂ ಎಣಿಸಿ, ತಡೆದರೆ ಬರುವ ಕಾರ್ಶ್ಯ, ದೌರ್ಬಲ್ಯ, ಬಣ್ಣಗೇಡು, ಮೈಮುರಿತ, ಅರುಚಿ, ತಲೆಸುತ್ತುಗಳನ್ನು ಹೇಳಿರುವುದನ್ನು ಇದರ ಪಕ್ಕದಲ್ಲಿಟ್ಟು ನೋಡಿದಾಗ ನನಗೆ ಬೆರಗಾಯಿತು. ಇದರಲ್ಲಿ ಅರುಚಿಯೂ ಇದೆಯೆಂಬುದನ್ನು ಗಮನಿಸತಕ್ಕದ್ದು: ಉಣ್ಣದಿರುವುದೇ ಉಣ್ಣಲೊಲ್ಲದಿರುವಿಕೆಗೆ ಕಾರಣವಾಗಬಲ್ಲುದು.

ಔಷಧಿ ತೆಗೆದುಕೊಳ್ಳುವವರು ಅತಿ ಹೆಚ್ಚಾಗಿ ಮೋಸಹೋಗುವುದು ಇಲ್ಲಿಯೇ. ವಾಕರಿಕೆ ಈ ಔಷಧಿಯ ಪ್ರಸಿದ್ಧ ಉಪದ್ರವ. ಮೇಲೆ ಹೇಳಿದ ದೊಡ್ಡ ಪರೀಕ್ಷೆಯಲ್ಲಿ ನೂರಕ್ಕೆ ನಲವತ್ತಕ್ಕೂ ಮಿಕ್ಕಿ ಜನರಲ್ಲಿ ಅದು ಕಂಡಿತ್ತು. ಆದರೆ ಬಹಳ ಹೊತ್ತು ಬರಿದಾಗಿರುವ ಹೊಟ್ಟೆಯೂ ಸಂಕಟಪಡುತ್ತದೆ, ಹುಳಿತೇಗು ತರುತ್ತದೆ. ಬೆಳಗ್ಗೆ ಹನ್ನೊಂದರ ವಾಕರಿಕೆಯನ್ನು ಔಷಧಿಯದೇ ಎಂದು ಬಗೆದು ಮಧ್ಯಾಹ್ನದ ಊಟವನ್ನೂ ಬಿಟ್ಟರೆ, ಸಂಜೆಗೆ ಸಂಕಟ ಇಮ್ಮಡಿಸುತ್ತದೆ. ಕೊನೆಯ ತುತ್ತು ಉಂಡು ಎಷ್ಟು ಗಂಟೆಯಾಯಿತೆಂದು ಎಣಿಸಿ ನೋಡುವುದೇ ಇದಕ್ಕೆ ಪರೀಕ್ಷೆ: ನಾಲ್ಕೈದು ಗಂಟೆ ಮೀರಿದ್ದರೆ ಒಂದೆರಡು ಚಮಚ ಮೊಸರನ್ನವನ್ನೋ ತೆಳ್ಳನೆಯ ರಾಗಿಯ ಅಂಬಲಿಯನ್ನೋ ಮೆಲ್ಲಗೆ ತೆಗೆದುಕೊಳ್ಳಬೇಕು, ಕಾಲು ಗಂಟೆಯಲ್ಲಿ ಸಂಕಟ ಇಳಿದರೆ ಅದು ಹಸಿವೇ ಆಗಿದ್ದಿರಬಹುದು. ಬಾಯಾರಿಕೆಯ ವಿಷಯದಲ್ಲಿಯೂ ಹೀಗೆಯೇ. ಅನ್ನ ಕಡಿಮೆಯಾದಾಗ ಅದರೊಡನೆ ಬರುತ್ತಿದ್ದ ಸಾರು, ಮಜ್ಜಿಗೆ, ನೀರುಗಳೂ ಕಡಿಮೆಯಾಗುವುದರಿಂದ ತಲೆನೋವು ಕಾಣಿಸಿಕೊಂಡರೆ ಮೊದಲು ನೀರನ್ನು ನೆನೆಯತಕ್ಕದ್ದು.

ಒಂದು ಬಗೆಯ ಹಸಿವು ಮಾತ್ರ ಇಂತಹ ನಿಧಾನಕ್ಕೆ ಎಡೆಗೊಡದು. ಸೆಮಗ್ಲುಟೈಡ್ ತಾನೊಂದೇ ಇದ್ದಾಗ ರಕ್ತದ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸುವುದು ವಿರಳ. ಆದರೆ ಅದರೊಡನೆ ಇನ್ಸುಲಿನ್ನನ್ನಾಗಲಿ ಗ್ಲಿಮೆಪಿರೈಡಿನಂತಹ ಮಾತ್ರೆಯನ್ನಾಗಲಿ ತೆಗೆದುಕೊಳ್ಳುವ ಮಧುಮೇಹಿಯು ಊಟ ಬಿಟ್ಟಾಗ ಫಕ್ಕನೆ ಬೆವರು, ನಡುಕ, ಎದೆಬಡಿತ, ತಡೆಯಲಾರದ ಹಸಿವು ಒಟ್ಟಿಗೆ ಬರಬಹುದು. ಸಕ್ಕರೆಯ ಪ್ರಮಾಣ 70ಕ್ಕಿಂತ ಕೆಳಗಿಳಿದಿದ್ದರೆ 15 ಗ್ರಾಮಿನಷ್ಟು ಗ್ಲೂಕೋಸನ್ನೋ ಸಕ್ಕರೆಯನ್ನೋ ನೀರಿನಲ್ಲಿ ಕಲಸಿ ಕೂಡಲೇ ಕುಡಿದು, ಹದಿನೈದು ನಿಮಿಷದ ಬಳಿಕ ಮತ್ತೆ ಪರೀಕ್ಷಿಸಿ, ವೈದ್ಯರಿಗೆ ತಿಳಿಸಲೇಬೇಕು. ಹಳೆಯ ಮಾತ್ರೆಯ ಪ್ರಮಾಣವನ್ನು ತಗ್ಗಿಸಬೇಕಾದೀತು. ಬೆನ್ನಿಗೆ ಹಾಯುವ ತೀವ್ರವಾದ ಹೊಟ್ಟೆನೋವು, ನೀರೂ ನಿಲ್ಲದಂತಹ ವಾಂತಿ ಇವುಗಳೂ ಮನೆಯಲ್ಲಿ ಕಾದು ನೋಡುವ ಲಕ್ಷಣಗಳಲ್ಲ.

ಉಳಿದ ದಿನಗಳಲ್ಲಿ ಗಡಿಯಾರವೇ ಹೊಟ್ಟೆಯ ಪ್ರತಿನಿಧಿಯಾಗಿ ಕೆಲಸ ಮಾಡಬೇಕಾಗುತ್ತದೆ. ಹಸಿವಾದಾಗ ಮಾತ್ರ ಉಣ್ಣು ಎಂಬುದು ಇತರರಿಗೆ ಹಿತವಚನವಾದರೂ ಈ ಔಷಧಿಯಲ್ಲಿರುವವರಿಗೆ ಅದು ಅರೆಸತ್ಯ. ಆಗದ ಹಸಿವಿಗೆ ಕಾಯುತ್ತ ಕುಳಿತವರು ಕೊಬ್ಬಿನೊಡನೆ ಮಾಂಸವನ್ನೂ ಕಳೆದುಕೊಳ್ಳುತ್ತಾರೆ. ಸೆಮಗ್ಲುಟೈಡಿನ ಪರೀಕ್ಷೆಗೆ ಸೇರಿದವರಲ್ಲಿ ಕೆಲವರ ದೇಹರಚನೆಯನ್ನು ಅಳೆದಾಗ ಇಳಿದ ತೂಕದಲ್ಲಿ ಸುಮಾರು ಐದರಲ್ಲಿ ಎರಡು ಪಾಲು ಕೊಬ್ಬಲ್ಲದ ಅಂಶವಾಗಿದ್ದಿತು. ನಮ್ಮ ದೇಶದ ಪೋಷಣಾ ತಜ್ಞರು ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನನ್ನು ವಿಧಿಸಿದ್ದಾರೆ; ನಾಲ್ಕು ತುತ್ತಿಗೇ ಕೈ ನಿಲ್ಲುವವರಿಗೆ ಇಷ್ಟೂ ದೊರೆಯುವುದು ಕಷ್ಟ. ನಮ್ಮ ಹಿರಿಯರು ಬಾಳೆಯೆಲೆಯ ಮೇಲೆ ಅನ್ನಕ್ಕೆ ಮೊದಲು ಹೆಸರುಬೇಳೆಯ ಕೋಸಂಬರಿಯನ್ನು ಬಡಿಸುತ್ತಿದ್ದ ಕ್ರಮ ಇಲ್ಲಿ ಬಹಳ ಉಪಯುಕ್ತವಾಗಿ ತೋರುತ್ತದೆ: ಕೋಸಂಬರಿ, ಹುಳಿಯ ತಳದ ಬೇಳೆ, ಮೊಟ್ಟೆ ತಿನ್ನುವವರಿಗೆ ಮೊಟ್ಟೆ, ಇವು ಮೊದಲು, ಅನ್ನ ಆಮೇಲೆ. ಕೈ ಎಲ್ಲಿ ನಿಂತರೂ ಬೇಕಾದುದು ಒಳಗೆ ಹೋಗಿರುತ್ತದೆ. ಅದೇ ರೀತಿ, ಸಾಕೆಂಬ ಸೂಚನೆಯೂ ಈಗ ಮೊದಲಿನಂತೆ ಮೆಲ್ಲಗೆ ಬರುವುದಿಲ್ಲ. ಹಿತವಾದ ತೃಪ್ತಿಗೂ ಅಸಹನೀಯವಾದ ಉಬ್ಬರಕ್ಕೂ ನಡುವೆ ಎರಡು ತುತ್ತಿನ ಅಂತರವಷ್ಟೇ ಇರುವುದುಂಟು. ಒಂದು ನಿಟ್ಟುಸಿರು, ಒಂದು ಬಿಕ್ಕಳಿಕೆ, ತುತ್ತಿನ ರುಚಿ ಸಪ್ಪೆಯಾಗುವುದು, ಇಂತಹ ಸಣ್ಣ ಗುರುತು ಕಂಡೊಡನೆ ಕೈ ತೊಳೆಯುವುದು ಕ್ಷೇಮ. ಮದುವೆಮನೆಯ ಪಂಕ್ತಿಯಲ್ಲಿ "ಇನ್ನೊಂದು ಹೋಳಿಗೆ" ಎಂದು ಪ್ರೀತಿಯಿಂದ ಒತ್ತಾಯಿಸುವವರಿಗೆ ಈ ಸಂಗತಿಯನ್ನು ಯಾರಾದರೂ ಮುಂಚಿತವಾಗಿ ತಿಳಿಸಿದರೆ ಎಷ್ಟು ಜನರ ರಾತ್ರಿ ಸುಖವಾಗಿ ಕಳೆದೀತು!

ದೇಹದ ಒಳಗಿನ ಸ್ಥಿತಿಯನ್ನು ಅರಿಯುವ ಈ ಇಂದ್ರಿಯಕ್ಕೆ ಚಾರ್ಲ್ಸ್ ಶೆರಿಂಗ್ಟನ್ ಎಂಬ ಶರೀರವಿಜ್ಞಾನಿಯು 1906ರಷ್ಟು ಹಿಂದೆಯೇ ಪ್ರತ್ಯೇಕವಾದ ಹೆಸರೊಂದನ್ನು ಕೊಟ್ಟಿದ್ದನು. ನಾವು ಅದನ್ನು ಅಂತಃಸಂವೇದನೆಯೆನ್ನಬಹುದು. ಔಷಧಿಯಲ್ಲಿರುವವರಿಗೆ ಅದು ಎಲ್ಲ ದಿನವೂ ಒಂದೇ ಸಮನಾಗಿರುವುದಿಲ್ಲ. ಹಲವರ ಅನುಭವದಲ್ಲಿ ವಾರದ ಚುಚ್ಚುಮದ್ದಿನ ಮೊದಲ ಎರಡು ಮೂರು ದಿನ ಹೊಟ್ಟೆ ತೀರ ಮೌನವಾಗಿದ್ದು, ಆರನೆಯ ಏಳನೆಯ ದಿನ ಅದರ ದನಿ ಕ್ಷೀಣವಾಗಿ ಮರಳುತ್ತದೆ. ಕೆಲವರು ಇದನ್ನು ಕಂಡು ಗಾಬರಿಗೊಳ್ಳುತ್ತಾರೆ, ಔಷಧಿ ಸೋತಿತೆಂದು. ನನಗಾದರೋ ಅದು ಶುಭದಿನವಾಗಿ ತೋರುತ್ತದೆ. ಗುಂಗಿನ ಗದ್ದಲವಿಲ್ಲದೆ ಬರಿಯ ಹಸಿವು ಹೇಗಿರುವುದೆಂಬುದನ್ನು ಎಷ್ಟೋ ವರ್ಷಗಳ ಮೇಲೆ ಮೊದಲ ಬಾರಿಗೆ ಕೇಳುವ ಅವಕಾಶವದು. ಔಷಧಿಯನ್ನು ನಿಲ್ಲಿಸಿದವರು ಒಂದು ವರ್ಷದಲ್ಲಿ ಇಳಿದ ತೂಕದ ಮೂರರಲ್ಲಿ ಎರಡು ಪಾಲನ್ನು ಮರಳಿ ಪಡೆದರೆಂದು ಮೇಲೆ ಹೇಳಿದ 68 ವಾರಗಳ ಪರೀಕ್ಷೆಯ ಮುಂದುವರಿಕೆ ತಿಳಿಸುತ್ತದೆ. ಹಸಿವು ಮರಳುವುದು ಖಂಡಿತ. ಮರಳುವಾಗ ಅದರ ಗುರುತು ಹಿಡಿಯುವವರಿಗೂ ಹಿಡಿಯದವರಿಗೂ ವ್ಯತ್ಯಾಸವಿದ್ದೀತೆಂದು ನಾನು ನಂಬುತ್ತೇನೆ.

ನನ್ನ ಅಧ್ಯಾಪಿಕೆ ಆ ಭಾನುವಾರದ ಬಳಿಕ, ಶಾಲೆಯಲ್ಲಿ ಹಾಜರಿ ಬರೆಯುತ್ತಿದ್ದ ಅದೇ ಶ್ರದ್ಧೆಯಿಂದ, ರೂಳಿನ ನೋಟುಪುಸ್ತಕವೊಂದರಲ್ಲಿ ದಿನಕ್ಕೆ ನಾಲ್ಕು ಬಾರಿ ತಮ್ಮ ಸ್ಥಿತಿಯನ್ನು ಬರೆದಿಡತೊಡಗಿದರು. ಕಳೆದ ತಿಂಗಳು ಅದನ್ನು ನನ್ನ ಮುಂದೆ ತೆರೆದಿಟ್ಟರು. ಮೊದಲ ಪುಟಗಳಲ್ಲಿ "ಹಸಿವಿಲ್ಲ" ಎಂಬ ಒಂದೇ ಮಾತು ಮೇಲಿನಿಂದ ಕೆಳಗಿನವರೆಗೆ. ಎಂಟು ಹತ್ತು ಪುಟ ಮಗುಚಿದ ಮೇಲೆ ದುಂಡಗಿನ ಅಕ್ಷರದಲ್ಲಿ ಹೀಗಿದ್ದಿತು: "ಒಂದು ಗಂಟೆ. ಹಸಿವಿಲ್ಲ. ಬೆರಳು ತಣ್ಣಗಿವೆ. ಪತ್ರಿಕೆಯ ಅದೇ ಸಾಲನ್ನು ಮೂರು ಸಲ ಓದಿದೆ. ಬೇಳೆ, ಸ್ವಲ್ಪ ಅನ್ನ, ಮಜ್ಜಿಗೆ. ಒಂದೂವರೆ: ಬೆರಳು ಬೆಚ್ಚಗಾದವು."